ಅಂಬಿಗನ ಗೆರೆ

ಅಂಬಿಗರ ಚೌಡಯ್ಯನವರ ವಚನಗಳನ್ನು ಓದಲು ಕುಳಿತಾಗಲೆಲ್ಲ ನನಗೆ ನೇತ್ರಾವತಿಯ ಒಂದು ಕಡವು ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಆ ಶರಣರು ದೋಣಿ ನಡೆಸುವ ಕಾಯಕವನ್ನು ತಮ್ಮ ಅಂಕಿತದಲ್ಲಿಯೇ ಉಳಿಸಿಕೊಂಡವರು. ಆ ಕಾಯಕದಲ್ಲಿ ಎಂತಹ ಅರಿವು ಅಡಗಿದೆಯೆಂಬುದನ್ನು ನಾನು ತಿಳಿದದ್ದು ಗ್ರಂಥಗಳಿಂದಲ್ಲ, ನಮ್ಮ ತಾಯಿಯವರ ಒರಳುಕಲ್ಲು ನೀರುಪಾಲಾದ ದಿನ.

ನಾನಾಗ ಎಂಟು ವರ್ಷದ ಬಾಲಕ. ಸರ್ಕಾರಿ ನೌಕರಿಯಲ್ಲಿದ್ದ ತಂದೆಯವರಿಗೆ ಬಂಟ್ವಾಳ ತಾಲ್ಲೂಕಿನಿಂದ ಬೆಳ್ತಂಗಡಿ ತಾಲ್ಲೂಕಿಗೆ ವರ್ಗವಾಗಿತ್ತು. ಸೇತುವೆಯ ಸುತ್ತುದಾರಿಯನ್ನು ತಪ್ಪಿಸಲು, ಮನೆಯ ಸಾಮಾನನ್ನು ದೋಣಿಯಲ್ಲಿ ದಾಟಿಸಿ ಆಚೆ ದಡದಲ್ಲಿ ಕಾದಿದ್ದ ಲಾರಿಗೆ ಏರಿಸುವುದೆಂದು ನಿಶ್ಚಯವಾಯಿತು. ಜೂನ್ ತಿಂಗಳ ಮೊದಲ ಮಳೆ ಬಿದ್ದಿತ್ತು. ದೋಣಿಯ ಹೊರಮೈಯಲ್ಲಿ ಬಿಳಿಯ ಗೆರೆಯೊಂದಿತ್ತು. ವೃದ್ಧ ಅಂಬಿಗ ಅದನ್ನು ಬಗ್ಗಿ ನೋಡಿ, “ಸ್ವಾಮೀ, ಗೆರೆ ಮುಳುಗಿತು. ಬಾಕಿಯದನ್ನು ಇನ್ನೊಂದು ಸಲಕ್ಕೆ ತರುವಾ” ಎಂದ. “ಲಾರಿ ಕಾಯುತ್ತಿದೆ. ನೀನು ನಡೆಸು” ಎಂದರು ತಂದೆ.

ನಡುಹೊಳೆಯಲ್ಲಿ ಗಾಳಿಯೆದ್ದಿತು, ದೋಣಿಯ ಅಂಚಿನಿಂದ ನೀರು ಒಳಗೆ ಬರತೊಡಗಿತು. ಅಂಬಿಗ ಯಾರನ್ನೂ ಕೇಳದೆ ಒರಳನ್ನು ಹೊಳೆಗೆ ಉರುಳಿಸಿದ. ಆ ಓಲಾಟದಲ್ಲಿ ಬಟ್ಟೆ ತುಂಬಿದ ನಮ್ಮ ಕಬ್ಬಿಣದ ಟ್ರಂಕೂ ಜಾರಿತು. ಒರಳು ಒಂದೇ ಸದ್ದಿಗೆ ಮರೆಯಾಯಿತು. ಟ್ರಂಕಾದರೋ ಬಾತುಕೋಳಿಯಂತೆ ತೇಲುತ್ತ ಹೋಯಿತು, ಹುಟ್ಟಿನಿಂದ ಅದನ್ನು ಎಳೆದುಕೊಂಡೆವು. ತಾಯಿಯವರು ಮಾತಾಡಲಿಲ್ಲ. ಆ ಒರಳು ಅವರ ತವರಿನಿಂದ ಬಂದದ್ದು.

ಕಬ್ಬಿಣ ತೇಲಿ ಕಲ್ಲು ಮುಳುಗಿದ್ದು ಹೇಗೆ? ನೀರು ತೂಕವೊಂದನ್ನೇ ಕೇಳುವುದಿಲ್ಲ, ಆ ತೂಕ ಎಷ್ಟು ಜಾಗದಲ್ಲಿದೆಯೆಂದು ಕೇಳುತ್ತದೆ. ಮುಳುಗಿದ ಭಾಗ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕದ ಬಲದಿಂದ ಹೊಳೆ ಆ ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಪಂಡಿತ ಆರ್ಕಿಮಿಡೀಸ್ ನಿರೂಪಿಸಿದ ತತ್ತ್ವವಿದು. ಕರಿಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರ. 40 ಕಿಲೋ ತೂಕದ ಒರಳು ಸರಿಸುವುದು 15 ಲೀಟರ್ ನೀರನ್ನು ಮಾತ್ರ, ಆದ್ದರಿಂದ ಅದಕ್ಕೆ ದೊರೆಯುವ ಆಸರೆಯೂ 15 ಕಿಲೋ ಮಾತ್ರ. ಕಬ್ಬಿಣ ನೀರಿಗಿಂತ ಏಳೂಮುಕ್ಕಾಲು ಪಟ್ಟು ಭಾರವಾದರೂ ಟ್ರಂಕಿನೊಳಗೆ ಬಟ್ಟೆಯೊಡನೆ ಗಾಳಿಯಿತ್ತು. 70 ಲೀಟರ್ ಗಾತ್ರದ ಪೆಟ್ಟಿಗೆ ಒಟ್ಟು 20 ಕಿಲೋ ತೂಗಿದರೆ ಮೂರನೆಯ ಒಂದು ಭಾಗ ಮುಳುಗುವ ಮೊದಲೇ ನಿಲ್ಲುತ್ತದೆ. ಸಂದಿನಿಂದ ನೀರು ತುಂಬುವಷ್ಟು ಹೊತ್ತು ಬಿಟ್ಟಿದ್ದರೆ ಅದೂ ಒರಳಿನ ಹಾದಿಯನ್ನೇ ಹಿಡಿಯುತ್ತಿತ್ತು.

ದೋಣಿಯ ಗುಟ್ಟೂ ಇದೇ. ಅಂಬಿಗನ ಗೆರೆಯೆಂದರೆ, ಈ ದೋಣಿ ಇಷ್ಟು ನೀರನ್ನು ಸರಿಸಬಹುದು, ಇದಕ್ಕಿಂತ ಹೆಚ್ಚಲ್ಲ ಎಂಬ ಲೆಕ್ಕ. ಬಾಲ್ಯದಲ್ಲಿ ಆತ ಮಂಗಳೂರಿನಿಂದ ಬಂಟ್ವಾಳ ಪೇಟೆಗೆ ಸರಕು ತರುವ ದೋಣಿಗಳಲ್ಲಿ ದುಡಿದವನಂತೆ. ಅಳಿವೆಯಲ್ಲಿ ಸರಿಯಾಗಿದ್ದ ದೋಣಿ ಮೇಲೆ ಬಂದಂತೆ ತುಸು ಇಳಿಯುತ್ತದೆ, “ಉಪ್ಪುನೀರು ಎತ್ತಿ ಹಿಡಿಯುತ್ತದೆ, ಸಿಹಿನೀರು ಸಡಿಲ ಬಿಡುತ್ತದೆ” ಎನ್ನುತ್ತಿದ್ದ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡ ಎರಡೂವರೆಯಷ್ಟು ಸಾಂದ್ರ. ನಾಲ್ಕು ಟನ್ ತೂಗುವ ದೋಣಿ ಹೊಳೆಯಲ್ಲಿ 4,000 ಲೀಟರ್ ನೀರನ್ನು ಸರಿಸಬೇಕಾದರೆ ಕಡಲಿನಲ್ಲಿ ಸುಮಾರು 3,900 ಲೀಟರ್ ಸಾಕು. ಹೆಚ್ಚಿನ ವ್ಯತ್ಯಾಸವೇನಲ್ಲ, ಒಂದು ಬೆರಳಿನಷ್ಟು. ಅಂಚಿನವರೆಗೆ ತುಂಬಿದ ದೋಣಿಗೆ ಆ ಬೆರಳೇ ಪ್ರಾಣ.

ಈಚೆಗೆ ಮೂಡುಬಿದಿರೆಯಲ್ಲಿ ಉಪನ್ಯಾಸವೊಂದನ್ನು ಮುಗಿಸಿ ಬೆಳ್ತಂಗಡಿಗೆ ಹೋಗುವಾಗ ವೇಣೂರಿನಲ್ಲಿ ಇಳಿದೆ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಬಾಹುಬಲಿ ಅಲ್ಲಿದ್ದಾನೆ. ಕಾರ್ಕಳದ ಅರಸನ ಕಣ್ಣಿಗೆ ಬೀಳದಿರಲೆಂದು ಆ ಏಕಶಿಲೆಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಅಡಗಿಸಿಟ್ಟಿದ್ದರೆಂಬ ಐತಿಹ್ಯವನ್ನು ಅಲ್ಲಿಯವರು ಹೇಳುತ್ತಾರೆ. ಮರವಾಗಿದ್ದರೆ ಮಳೆಗಾಲದ ಹೊಳೆ ಎಂದೋ ಎತ್ತಿ ಒಯ್ಯುತ್ತಿತ್ತು. ನಮ್ಮ ಒರಳೂ ಹಾಗೆಯೇ ಬಿದ್ದ ಜಾಗದಲ್ಲಿಯೇ ಕಾದಿತ್ತು.

ಮರುವರ್ಷ ಮಾರ್ಚ್‌ನಲ್ಲಿ ಹೊಳೆ ಬತ್ತಿ ಸೊಂಟದ ಮಟ್ಟಕ್ಕೆ ಇಳಿದಾಗ ಅಂಬಿಗ ಅದನ್ನು ಕಾಲಿನಿಂದ ತಡವಿ ಹುಡುಕಿದನಂತೆ. ನೀರಿನಡಿಯಲ್ಲಿ 25 ಕಿಲೋ ಮಾತ್ರವೆನಿಸುವ ಕಲ್ಲನ್ನು ಇಬ್ಬರು ಸಲೀಸಾಗಿ ಎತ್ತಿದರು, ಮೇಲ್ಮೈ ದಾಟಿದೊಡನೆ ಮೂರನೆಯವನ ಕೈ ಬೇಕಾಯಿತು. ಬೆಳ್ತಂಗಡಿಯ ನಮ್ಮ ಬಾಡಿಗೆ ಮನೆಗೆ ಆತನೇ ಜೀಪಿನಲ್ಲಿ ತಂದಿಳಿಸಿದ. ಅಂದು “ನೀನು” ಎಂದಿದ್ದ ತಂದೆಯವರು “ಅಜ್ಜಾ, ಒಳಗೆ ಬನ್ನಿ” ಎಂದು ಕರೆದರು, ಏನು ಕೊಡಲಿ ಎಂದು ಕೇಳಿದರು.

“ಜೀಪಿನ ಬಾಡಿಗೆ, ಮತ್ತೆ ಒಂದು ಸಲದ ಕಡವಿನ ದುಡ್ಡು” ಎಂದ ಅಜ್ಜ. “ಆ ದಿನ ನೀವು ಎರಡು ಸಲದ ಸಾಮಾನಿಗೆ ಒಂದು ಸಲದ್ದೇ ಕೊಟ್ಟದ್ದು.”