ಏಳು ಸೆಕೆಂಡಿನ ಚೀಟಿ

ಮೊನ್ನೆ ಫೋನಿನಲ್ಲಿ ತಮ್ಮನಿಗೆ ಒಂದೇ ನಗು. ಸ್ಥಳೀಯ ಚುನಾವಣೆಗೆ ಮತ್ತೆ ಬ್ಯಾಲೆಟ್ ಪೇಪರ್ ತರಬೇಕೆಂದು ಕರ್ನಾಟಕದ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತ್ತಲ್ಲ, ಅದರ ಮಾತು ಬಂತು. "ಇನ್ ಎತ್ತಿನ್ ಗಾಡಿಯೂ ವಾಪಾಸ್ ಬತ್ತ್ ಕಾಣ್" ಅಂದ. ನನಗೆ ನೆನಪಾದದ್ದು ಅಪ್ಪಯ್ಯ.

ಅಪ್ಪಯ್ಯ ಕುಂದಾಪುರದ ಕಡೆ ಪ್ರೈಮರಿ ಶಾಲೆ ಮಾಷ್ಟ್ರು, ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. ಒಮ್ಮೆ ಪಂಚಾಯತಿ ಎಣಿಕೆಯಲ್ಲಿ ಒಬ್ಬರು 11 ವೋಟಿನಿಂದ ಸೋತು, ಮತ್ತೆ ಎಣಿಸಿ ಎಂದು ಹಟ ಹಿಡಿದರಂತೆ. ರಾತ್ರಿ ಗ್ಯಾಸ್‌ಲೈಟ್ ಬೆಳಕಲ್ಲಿ ಒಂದೊಂದೇ ಕಾಗದ ಬಿಡಿಸಿ ಅವರೆದುರು ಹಿಡಿದದ್ದೇ ಹಿಡಿದದ್ದು. ಗೆರೆಯ ಮೇಲೆ ಬಿದ್ದ ಮೊಹರು, ಮಸಿ ಹರಡಿದ ಮೊಹರು... ಎಲ್ಲದಕ್ಕೂ ತಕರಾರು. ಕೊನೆಗೂ ಅದೇ 11. ಎದ್ದು ಪಂಚೆ ಕೊಡವಿಕೊಂಡು, "ಆಯ್ತ್ ಮಾಷ್ಟ್ರೆ, ಕಂಡಾಯ್ತ್" ಅಂತ ಮನೆಗೆ ಹೋದರಂತೆ.

ಈಗ ನನ್ನ ಕಥೆ ಕೇಳಿ. 2024ರ ನವೆಂಬರ್ 20, ಡೊಂಬಿವಲಿ. ನೀಲಿ ಗುಂಡಿ ಒತ್ತಿದೆ, ಕೆಂಪು ದೀಪ ಹೊತ್ತಿತು. ಪಕ್ಕದ ವಿವಿಪ್ಯಾಟಿನಲ್ಲಿ ಚೀಟಿ ಕಾಣುವುದು ಏಳೇ ಸೆಕೆಂಡು. ಜೇಬಿನಿಂದ ಕನ್ನಡಕ ತೆಗೆಯುವಷ್ಟರಲ್ಲಿ ಬಿದ್ದೇ ಬಿಟ್ಟಿತು!

ಯಂತ್ರ ಮೋಸ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ, ನನ್ನಲ್ಲಿ ಪುರಾವೆ ಇಲ್ಲ. ಪೆಟ್ಟಿಗೆಯನ್ನೇ ಹೊತ್ತೊಯ್ದ ಕಾಲವೂ ಇತ್ತು, ಅದನ್ನು ಮರೆತಿಲ್ಲ. ಆದರೆ ಆ ಚುನಾವಣೆ ಮುಗಿದ ಮೇಲೆ ಸೊಲ್ಲಾಪುರ ಜಿಲ್ಲೆಯ ಮಾರ್ಕಡವಾಡಿಯವರು ತಮ್ಮೂರಿನ ಲೆಕ್ಕ ನಂಬದೆ, ತಾವೇ ಕಾಗದದಲ್ಲಿ ಮತ ಹಾಕಿ ನೋಡಲು ಹೊರಟರು. ಪೊಲೀಸರು ತಡೆದರು. ತಮಾಷೆಯೆಂದರೆ ಅವರ ಕಡೆಯ ಅಭ್ಯರ್ಥಿ ಗೆದ್ದಿದ್ದ! ಗೆದ್ದವರಿಗೇ ಸಮಾಧಾನವಿಲ್ಲದಿದ್ದರೆ ಸೋತವರನ್ನು ಒಪ್ಪಿಸುವುದು ಹೇಗೆ, ನೀವೇ ಹೇಳಿ.

ಮತ ಎಣಿಕೆಯನ್ನು ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಪರೀಕ್ಷಿಸುವಂತಿರಬೇಕು ಎಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲೇ ಹೇಳಿತು. ನಮ್ಮಲ್ಲಿ ವಿಧಾನಸಭಾ ಕ್ಷೇತ್ರವೊಂದಕ್ಕೆ ಐದು ಮತಗಟ್ಟೆಗಳ ಚೀಟಿ ಮಾತ್ರ ಎಣಿಸುತ್ತಾರೆ. ಎಲ್ಲ ಚೀಟಿ ಎಣಿಸಿ, ಇಲ್ಲವೇ ಕಾಗದಕ್ಕೇ ಮರಳಿ ಎಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಕೋರ್ಟಿಗೆ ಕೋರ್ಟಿನ ಕಾರಣಗಳಿರಲಿ, ನನಗೆ ಅಪ್ಪಯ್ಯನ ಲೆಕ್ಕವೇ ಸರಿ. ಪಂಚಾಯತಿ, ವಾರ್ಡಿನಂಥ ಸಣ್ಣ ಚುನಾವಣೆಗಾದರೂ ಕಾಗದ ಇರಲಿ. ಎರಡು ದಿನ ತಡವಾದರೆ ಟೀವಿಯವರಿಗೆ ತಾನೇ ನಷ್ಟ?

ಇಷ್ಟನ್ನೂ ತಮ್ಮನಿಗೆ ಹೇಳಿದೆ. "ಎಣ್ಸುಕೆ ನೀ ಬತ್ಯಾ?" ಅಂದ.

ಬರ್ತೇನೆ ಅಂದಿದ್ದೇನೆ. ಈ ಸಲ ಕನ್ನಡಕ ಹಾಕಿಕೊಂಡೇ.