ಚಾಮರಾಜಪೇಟೆಯ ಚಪ್ಪರವೂ ಮಾವನ ಬೀರುವೂ

ರಾಮನವಮಿ ಬಂತೆಂದರೆ ನಮ್ಮ ನಿಮ್ಮ ಮನೆಗಳಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಸಂಜೆಯ ಹೊತ್ತಿಗೆ ಹಬ್ಬ ಮುಗಿಯಿತು, ಅಲ್ಲವೇ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಾಗಲ್ಲ ನೋಡಿ. ಅಲ್ಲಿ ರಾಮನವಮಿಯೆಂದರೆ ವಾರಗಟ್ಟಲೆ ಸಂಗೀತ. ಆ ದಿನಗಳಲ್ಲಿ ನೀವು ಬೆಂಗಳೂರಿಗೆ ಹೋಗುವುದಿದ್ದರೆ, ಸೀರೆ ಅಂಗಡಿ ಸುತ್ತುವ ಒಂದು ಸಂಜೆಯನ್ನು ಉಳಿಸಿಕೊಂಡು ಅಲ್ಲಿಗೆ ಹೋಗಿಬನ್ನಿ. ಹೊರಡುವ ಮೊದಲು ಆ ವರ್ಷದ ಕಾರ್ಯಕ್ರಮದ ಪಟ್ಟಿಯನ್ನು ವಿಚಾರಿಸಿಕೊಳ್ಳಿ, ಅಷ್ಟೆ.

ಸಿಟಿ ಮಾರ್ಕೆಟ್ಟಿನ ಹತ್ತಿರ ಬಸ್ಸಿಳಿದರೆ ನಡೆದೇ ಹೋಗಬಹುದು. ದಾರಿಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, ಅದರ ಪಕ್ಕದಲ್ಲೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ಅಲ್ಲಿಂದ ಮುಂದೆ 1892ರಲ್ಲಿ ಹುಟ್ಟಿದ, ಚಾಮರಾಜೇಂದ್ರ ಒಡೆಯರ ಹೆಸರಿನ ಪೇಟೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಇಲ್ಲೇ. ಹೆಂಗಸರಿಗಾಗಿ ‘ಸರಸ್ವತಿ’ ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟವೂ ಇಲ್ಲೇ. ಇನ್ನು ಕೋಟೆ ಹೈಸ್ಕೂಲಿನ ಮೈದಾನ! ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ಕಚೇರಿಗಳಿಗೆ ಹೆಸರು ತಂದದ್ದು ಈ ಮೈದಾನದ ಚಪ್ಪರ. ಎಂ.ಎಸ್. ಸುಬ್ಬುಲಕ್ಷ್ಮಿ, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಬಾಲಮುರಳೀಕೃಷ್ಣ, ಭೀಮಸೇನ ಜೋಶಿ, ಇಂಥವರೆಲ್ಲ ಹಾಡಿದ ಉತ್ಸವ ಇದು.

ನನಗೆ ಮಾತ್ರ ಈ ಪೇಟೆಯೆಂದರೆ ಮೊದಲು ನನ್ನ ಸೋದರಮಾವನ ಮನೆ. ಹಜಾರದಲ್ಲಿ ಎರಡು ಕಬ್ಬಿಣದ ಬೀರು. ಒಳಗೆ ಸೀರೆ, ಬೆಳ್ಳಿ ಎಂದುಕೊಂಡಿರಾ? ಇಲ್ಲ, ಬರೀ ಟೇಪುಗಳು. ಹತ್ತಿರ ಹತ್ತಿರ ಐನೂರು ಕಚೇರಿ!

1974ರಲ್ಲಿ, ಅತ್ತೆಯ ಬಳೆಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಮಾವ ಒಂದು ಟೇಪ್ ರಿಕಾರ್ಡರ್ ತಂದುಬಿಟ್ಟರು. “ಬಳೆ ಇನ್ನೊಂದು ವರ್ಷ ಮಾಡಿಸಬಹುದು ಕಣೇ, ಇವತ್ತು ಹಾಡಿದ್ದನ್ನ ನಾಳೆ ಯಾರು ತಂದ್ಕೊಡ್ತಾರೆ?” ಎಂದರಂತೆ. ಅತ್ತೆ ಒಂದು ವಾರ ಮಾತು ಬಿಟ್ಟರು. ಬಳೆ ಬಂದದ್ದು ಹನ್ನೊಂದು ವರ್ಷದ ಮೇಲೆ.

ಅಂಗಡಿಯಲ್ಲಿ ಗ್ರಾಮಫೋನ್ ಪ್ಲೇಟು ಸಿಗುತ್ತಿರಲಿಲ್ಲವೇ ಅಂತೀರಾ? ಹಳೆಯ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರೋ ನಾಲ್ಕೋ ನಿಮಿಷ. ಎಲ್.ಪಿ. ಬಂದ ಮೇಲೂ ಇಪ್ಪತ್ತು ಚಿಲ್ಲರೆ ನಿಮಿಷ. ಚಪ್ಪರದಲ್ಲಿ ವಿದ್ವಾಂಸರು ಒಂದು ರಾಗ, ತಾನ, ಪಲ್ಲವಿಗೇ ಒಂದು ಗಂಟೆ ತೆಗೆದುಕೊಂಡರೆ ಅದು ಯಾವ ಪ್ಲೇಟಿಗೆ ಹಿಡಿದೀತು? ಏಳು ಇಂಚಿನ, 1200 ಅಡಿಯ ಸ್ಪೂಲ್ ಟೇಪಾದರೆ ಸೆಕೆಂಡಿಗೆ ಮೂರೂ ಮುಕ್ಕಾಲು ಇಂಚಿನ ವೇಗದಲ್ಲಿ ಒಂದು ಮಗ್ಗುಲಿಗೆ ಒಂದು ಗಂಟೆ. ಆಮೇಲೆ ಬಂದ ಸಿ-90 ಕ್ಯಾಸೆಟ್ಟಿಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ತಿರುಗಿಸಿ ಹಾಕಬೇಕು. ತನಿ ಆವರ್ತನದಲ್ಲಿ ತಿರುಗಿಸಿದರೆ ಮೃದಂಗದವರಿಗೆ ಅವಮಾನ ಅಂತ ಮಾವ ಗಡಿಯಾರ ನೋಡಿಕೊಂಡು, ಎರಡು ಹಾಡುಗಳ ನಡುವೆಯೇ ತಿರುಗಿಸುತ್ತಿದ್ದರು. ಮೊದಲು ಹಾಡುವವರ ಒಪ್ಪಿಗೆ ಕೇಳಬೇಕು, ಟೇಪನ್ನು ಯಾರಿಗೂ ಮಾರಬಾರದು, ಕೇಳಿದ ರಸಿಕರಿಗೆ ಇಲ್ಲವೆನ್ನದೆ ನಕಲು ಮಾಡಿಕೊಡಬೇಕು. ಇದು ಅವರ ನೇಮ. ಮುನಿಸು ಇಳಿದ ಮೇಲೆ ಲೇಬಲ್ಲು ಬರೆಯುವ ಕೆಲಸ ಅತ್ತೆಯದೇ ಆಯಿತು. ದುಂಡಗಿನ ಅಕ್ಷರ, ರಾಗ, ತಾಳ, ತಾರೀಖು ಎಲ್ಲಾ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. 1984ರ ಬೇಸಿಗೆ ರಜೆ, ನನಗೆ ಹನ್ನೆರಡು ವರ್ಷ. ಅತ್ತೆ ತಾರಸಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದರು. ಕೆಲವು ಕ್ಯಾಸೆಟ್ಟುಗಳಿಗೆ ಹಿಂದಿನ ಮಳೆಗಾಲದ ಬೂಷ್ಟು ಹಿಡಿದಿತ್ತು. ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆಂದು ನಾನೇ ಬುದ್ಧಿವಂತಿಕೆ ಮಾಡಿ ಹನ್ನೊಂದು ಕ್ಯಾಸೆಟ್ಟನ್ನು ತಗಡಿನ ಮೇಲೆ ಸಾಲಾಗಿ ಜೋಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅದರಲ್ಲೊಂದು ಕಾಂಭೋಜಿಯ ಪಲ್ಲವಿ. ಹಾಡಿದ ವಿದ್ವಾಂಸರು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಮಾವ ಒಂದು ಮಾತೂ ಬೈಯಲಿಲ್ಲ. “ಮಗು ಒಳ್ಳೇದಕ್ಕೇ ಮಾಡಿದ್ದು” ಎಂದರು. ರಾತ್ರಿ ಊಟಕ್ಕೆ ಮಾತ್ರ ಏಳಲಿಲ್ಲ. ನಾಲ್ಕು ಏಟು ಹಾಕಿದ್ದರೇ ಚೆನ್ನಾಗಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಈ ಸಲ ಹೋದಾಗ ಮನೆ ಭಣಗುಡುತ್ತಿತ್ತು. ಅತ್ತೆ ಹೋಗಿ ಎರಡು ವರ್ಷ. ಮಾವನಿಗೆ ಎಂಬತ್ತೈದು ದಾಟಿದೆ, ಕಿವಿಗೆ ಮೆಷಿನ್ನು. ಮಗ ತನ್ನ ಊರಿಗೆ ಕರೆಯುತ್ತಿದ್ದಾನೆ. “ಬೀರು ಯಾರಿಗೆ ಬೇಕು, ಗುಜರಿಯವನಿಗೆ ಹಾಕಿ” ಅಂತ ನೆಂಟರ ಬುದ್ಧಿವಾದ. ಅಷ್ಟರಲ್ಲಿ ಮೈಸೂರಿನಿಂದ ಒಂದು ಪೊಟ್ಟಣ ಬಂದಿತ್ತು. 1979ರಲ್ಲಿ ಮಾವನಿಂದ ನಕಲು ಪಡೆದಿದ್ದ ಮೇಷ್ಟ್ರೊಬ್ಬರು ತೀರಿಕೊಂಡ ಮೇಲೆ, ಅವರ ಸೊಸೆ ಮನೆ ಸಾರಿಸುವಾಗ ಸಿಕ್ಕಿದ್ದನ್ನು ಕಳಿಸಿದ್ದರು. ಬಿಚ್ಚಿದರೆ ಅತ್ತೆಯ ದುಂಡಗಿನ ಅಕ್ಷರ. ‘ಕಾಂಭೋಜಿ, ಪಲ್ಲವಿ.’ ನನ್ನ ಕೈ ನಡುಗಿತು.

ಹಾಕಿದೆವು. ಮೇಲಿನ ಸ್ವರಗಳು ಮಾವನಿಗೆ ಕೇಳಿಸಲಿಲ್ಲ. ಸ್ಪೀಕರಿನ ಮೇಲೆ ಅಂಗೈ ಊರಿ, ಇನ್ನೊಂದು ಕೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂತರು. ಒಂದು ಕಡೆಯೂ ತಪ್ಪಲಿಲ್ಲ. ಮುಗಿದ ಮೇಲೆ, “ನೋಡ್ದ್ಯಾ, ಕೊಟ್ಟಿದ್ದಕ್ಕೇ ಉಳೀತು” ಎಂದರು. ಆ ರಾತ್ರಿ ಇಬ್ಬರೂ ಹೊಟ್ಟೆತುಂಬಾ ತಿಳಿಸಾರು ಅನ್ನ ಉಂಡೆವು. ಬೀರು ಗುಜರಿಗೆ ಹೋಗಲಿಲ್ಲ. ನನ್ನ ಮಗ ಪ್ರತಿ ಭಾನುವಾರ ಹೋಗಿ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ.

ನಿಮ್ಮ ಮನೆಯ ಅಟ್ಟದ ಮೇಲೂ ಹಳೆಯ ಟೇಪುಗಳಿರಬಹುದು. ಅಜ್ಜಿಯ ಹಾಡೋ, ಮದುವೆಯ ಸೋಬಾನೆಯೋ! ದಯವಿಟ್ಟು ಬಿಸಿಲಿಗೆ ಹಾಕಬೇಡಿ. ಒಣಗಿದ ಜಾಗದಲ್ಲಿ, ಅಯಸ್ಕಾಂತದಿಂದ ದೂರ, ನೇರವಾಗಿ ನಿಲ್ಲಿಸಿಡಿ. ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ಪುಟ್ಟ ಚಕ್ಕೆಗಳನ್ನು ಮುರಿದುಬಿಟ್ಟರೆ ಮರೆತು ಅದರ ಮೇಲೆ ಬೇರೆ ರಿಕಾರ್ಡು ಆಗುವುದಿಲ್ಲ. ಟೇಪು ಅಂಟಂಟಾಗಿದ್ದರೆ ಅಥವಾ ವಿನಿಗರಿನ ವಾಸನೆ ಬಂದರೆ ಮೆಷಿನ್ನಿಗೆ ಹಾಕದೆ, ತಿಳಿದವರಿಗೆ ತೋರಿಸಿ. ಉಳಿದದ್ದನ್ನು ಬೇಗ ನಕಲು ಮಾಡಿಸಿ, ಒಂದು ಪ್ರತಿಯನ್ನು ತಂಗಿಯ ಮನೆಯಲ್ಲೋ ನಾದಿನಿಯ ಮನೆಯಲ್ಲೋ ಇಡಿ. ಹೆಪ್ಪಿಗೆ ಮೊಸರು ಕೊಟ್ಟ ಹಾಗೆ. ನಮ್ಮ ಮನೆಯದು ಕೆಟ್ಟ ದಿನ ಅವರ ಮನೆಯಿಂದ ತಂದುಕೊಳ್ಳಬಹುದಲ್ಲ!