ದೂರ ಬೇಕೋ, ಹತ್ತಿರ ಬೇಕೋ

ಕಣ್ಣಿನ ವಿಷಯದಲ್ಲಿ ನಮ್ಮ ಜನಕ್ಕೆ ಗೊತ್ತಿರುವುದು ಎರಡೇ ಮಾತು. ಒಂದು, ಕಾಣ್ತದೆ. ಇನ್ನೊಂದು, ಕಾಣಾಕಿಲ್ಲ. ಇವೆರಡರ ನಡುವೆ ಇನ್ನೊಂದು ಥರದ ಕಣ್ಣಿದೆ. ಹತ್ತು ಮಾರು ದೂರದಲ್ಲಿ ನಿಂತವರು ಗಂಡೋ ಹೆಣ್ಣೋ ಅದಕ್ಕೆ ತಿಳಿಯುವುದಿಲ್ಲ. ಆದರೆ ಅಂಗಾಲಿಗೆ ನೆಟ್ಟ ಜಾಲಿಮುಳ್ಳಿನ ಮುರಿದ ತುದಿ ಬೇರೆ ಯಾರಿಗೂ ಕಾಣದ್ದು ಅದಕ್ಕೆ ಕಾಣುತ್ತದೆ. ನನ್ನದು ಅಂಥ ಕಣ್ಣು. ಅದಕ್ಕೆ ಪೊರೆ ಬಂದು, ಪೊರೆ ತೆಗೆಸಿದ ಮೇಲೆ ಏನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಹಳ್ಳಿ ಮೇಷ್ಟ್ರುಗಳಿಗೂ, ಮುದುಕರನ್ನು ಕಣ್ಣಿನ ಕ್ಯಾಂಪಿಗೆ ಕರೆದೊಯ್ಯುವ ನಮ್ಮ ಹುಡುಗರಿಗೂ ಇದು ಬೇಕಾಗಬಹುದು.

1974ರಲ್ಲಿ ನಾನು ಆರನೇ ಕ್ಲಾಸು. ನಮ್ಮ ಕೇರಿಯ ಐದು ಹುಡುಗರಿಗೆ ಗೋಡೆ ಪಕ್ಕದ ಕೊನೇ ಸಾಲು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಅಲ್ಲಿಂದ ನನಗೆ ಬೋರ್ಡು ಕಾಣುತ್ತಿತ್ತು, ಬರೆದದ್ದು ಕಾಣುತ್ತಿರಲಿಲ್ಲ. ಲೆಕ್ಕ ಓದು ಅಂದರೆ ಸುಮ್ಮನೆ ನಿಲ್ಲುತ್ತಿದ್ದೆ. “ಇವಕ್ಕೆಲ್ಲ ಎಲ್ಲಿ ಹತ್ತುತ್ತೆ ವಿದ್ಯೆ” ಅನ್ನೋರು ಮೇಷ್ಟ್ರು. ಅವರ ಬೆತ್ತ ಮಾತ್ರ ಹತ್ತಿರಕ್ಕೆ ಬರುತ್ತಿದ್ದರಿಂದ ಚೆನ್ನಾಗಿ ಕಾಣುತ್ತಿತ್ತು.

ಹಾಸ್ಟೆಲ್ಲಿಗೆ ಸೇರಿದ ಮೇಲೆ ಒಬ್ಬ ಡಾಕ್ಟರು ಪರೀಕ್ಷೆ ಮಾಡಿ, ಈ ಹುಡುಗನ ತಲೆಗೆ ಏನೂ ಆಗಿಲ್ಲ ಅಂದರು. ಕಣ್ಣಿನ ಗುಡ್ಡೆ ಇರಬೇಕಾದ್ದಕ್ಕಿಂತ ಉದ್ದ ಬೆಳೆದಿದೆ, ದೂರದಿಂದ ಬಂದ ಬೆಳಕು ಹಿಂದಿನ ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ, ಅಷ್ಟೇ. ಮೊದಲ ಕನ್ನಡಕ ಮೈನಸ್ 7. ನಾನು ಮೇಷ್ಟ್ರಾಗುವ ಹೊತ್ತಿಗೆ ಮೈನಸ್ 14. ಸೋಡಾಬುಡ್ಡಿ ಅಂತ ಹೆಸರು ಬಿತ್ತು. ಜಾತಿ ಹಿಡಿದು ಕರೆಯುವುದಕ್ಕಿಂತ ಇದೇ ವಾಸಿ ಅಂತ ಸುಮ್ಮನಿದ್ದೆ.

ಆದರೆ ಕನ್ನಡಕ ತೆಗೆದಾಗ ನನ್ನದೇ ಒಂದು ರಾಜ್ಯವಿತ್ತು. ಮೈನಸ್ 14ರ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಸುಮಾರು 7 ಸೆಂಟಿಮೀಟರು ದೂರದಲ್ಲಿ, ಅಂದರೆ ಮೂಗಿನ ಮುಂದೆ ನಾಲ್ಕು ಬೆರಳು. ಅಷ್ಟು ಹತ್ತಿರ ಹಿಡಿದ ವಸ್ತು ಬೂತಗನ್ನಡಿಯಲ್ಲಿ ನೋಡಿದಷ್ಟು ದೊಡ್ಡದಾಗಿ ಕಾಣುತ್ತದೆ. ಕೂಲಿಯಿಂದ ಬಂದ ಹೆಂಗಸರು “ಬಾಪ್ಪ, ವಸಿ ಮುಳ್ಳು ನೋಡು” ಅಂತ ಕಾಲು ಚಾಚೋರು. ಕೇರಿಯ ಸೂಜಿಗೆಲ್ಲ ದಾರ ಪೋಣಿಸಿಕೊಟ್ಟವನು ನಾನು. ಬುಡ್ಡಿದೀಪದಲ್ಲಿ ಕರಪತ್ರಗಳನ್ನು, ಮಸಿ ಹರಡಿದ ಸಣ್ಣ ಪತ್ರಿಕೆಗಳನ್ನು ಮೂಗಿಗೆ ಹಿಡಿದು ಓದಿದ್ದು ಈ ನಾಲ್ಕು ಬೆರಳಿನೊಳಗೆ. ನಾನು ಕಲಿತದ್ದೆಲ್ಲ ಅಲ್ಲಿಂದ ಬಂದದ್ದು.

ಇಂಥ ಕಣ್ಣಿಗೆ ಪೊರೆ ಸಾಮಾನ್ಯವಾಗಿ ಬೇಗ ಬರುತ್ತದಂತೆ. ನನಗೆ ಐವತ್ತೈದಕ್ಕೇ ಬಂತು. ನಂಬರು ಏರುತ್ತಾ ಏರುತ್ತಾ ಮೈನಸ್ 18 ಆಯಿತು. ಲೋಕವೆಲ್ಲ ಹಳೇ ಟೀ ಬಟ್ಟೆಯ ಬಣ್ಣಕ್ಕೆ ತಿರುಗಿತು. ಬಸ್ಸಿನ ಬೋರ್ಡು ಬಿಡಿ, ಬಸ್ಸೇ ಮಸುಕಾಯಿತು.

ನಮ್ಮಜ್ಜಿಗೂ ಪೊರೆ ಬಂದಿತ್ತು. ಆಗ ಡಾ. ಎಂ. ಸಿ. ಮೋದಿಯವರಂಥವರು ಊರೂರಿಗೆ ಹೋಗಿ, ಶಾಲೆಯ ಕೋಣೆಗಳಲ್ಲೇ ಸಾಲಾಗಿ ಮಲಗಿಸಿ ಸಾವಿರಾರು ಬಡವರಿಗೆ ಆಪರೇಷನ್ ಮಾಡುತ್ತಿದ್ದ ಕಾಲ. ಪೊರೆಗಟ್ಟಿದ ಮಸೂರ ತೆಗೆಯೋರು, ಅದರ ಜಾಗಕ್ಕೆ ಏನೂ ಇಡುತ್ತಿರಲಿಲ್ಲ. ಬದಲಿಗೆ ಪ್ಲಸ್ 10ರ ದಪ್ಪ ಗಾಜಿನ ಕನ್ನಡಕ. ಅಜ್ಜಿಯ ಕನ್ನಡಕವನ್ನು ಒಂದು ದಿನ ಎಮ್ಮೆ ತುಳಿಯಿತು. ಕಣ್ಣು ಬಂದವಳು ಮತ್ತೆ ಕುರುಡಿಯಾದಳು. ಕಣ್ಣಿನೊಳಗೇ ಕೃತಕ ಮಸೂರ ಇಡುವುದನ್ನು ಲಂಡನ್ನಿನ ಹ್ಯಾರಲ್ಡ್ ರಿಡ್ಲಿ ಅನ್ನುವ ವೈದ್ಯರು 1949ರಲ್ಲೇ ಮಾಡಿ ತೋರಿಸಿದ್ದರು. ಅದು ನಮ್ಮಂಥವರ ಕೈಗೆ ಎಟುಕಲು ನಲವತ್ತು ವರ್ಷಕ್ಕೂ ಮೇಲೆ ಬೇಕಾಯಿತು. 1992ರಲ್ಲಿ ಮದುರೆಯ ಅರೋಲ್ಯಾಬ್‌ನಲ್ಲಿ ಕಡಿಮೆ ಬೆಲೆಗೆ ಲೆನ್ಸು ತಯಾರಿಸಲು ಶುರು ಮಾಡಿದ ಮೇಲೆ ಬಡವರ ಕಣ್ಣಿಗೂ ಅದು ಬಂತು. ವಿಜ್ಞಾನ ಹುಟ್ಟುವುದು ಒಂದು, ಕೇರಿಗೆ ಬರುವುದು ಇನ್ನೊಂದು.

ಲೆನ್ಸಿಗೂ ನಂಬರಿದೆ. ಸಾಮಾನ್ಯ ಕಣ್ಣಿಗೆ 20ರ ಆಸುಪಾಸು. ನನ್ನಂಥ ಉದ್ದ ಗುಡ್ಡೆಗೆ ದೂರ ಸರಿಯಾಗಿ ಕಾಣಲು 4 ಸಾಕು. ಕಣ್ಣಿನ ಉದ್ದ ಅಳೆದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಮಾಡುವಾಗಲೇ ಒಂದು ತೀರ್ಮಾನ ಆಗಿಹೋಗುತ್ತದೆ: ಈ ಮನುಷ್ಯನಿಗೆ ಕನ್ನಡಕವಿಲ್ಲದೆ ದೂರದ್ದು ಕಾಣಬೇಕೋ, ಹತ್ತಿರದ್ದು ಕಾಣಬೇಕೋ? ಮಾಮೂಲಿ ಲೆನ್ಸು ಒಂದು ದೂರಕ್ಕೆ ಮಾತ್ರ ಹೊಂದುತ್ತದೆ, ಇನ್ನೊಂದಕ್ಕೆ ಕನ್ನಡಕ ಬೇಕು. 2019ರಲ್ಲಿ ನನ್ನನ್ನು ಮಲಗಿಸಿದಾಗ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಲಿಲ್ಲ. ದೂರಕ್ಕೆ ಹಾಕಿದರು.

ಮಾರನೇ ದಿನ ಪಟ್ಟಿ ಬಿಚ್ಚಿದಾಗ ಆದ ಸಂತೋಷ ಸುಳ್ಳಲ್ಲ. ಹುಣಸೇಮರಕ್ಕೆ ಎಲೆಗಳಿದ್ದವು, ಒಂದೊಂದೂ ಬೇರೆ ಬೇರೆ. ಬಿಳೀ ಗೋಡೆ ನೀಲಿ ಹಾಕಿದ ಬಟ್ಟೆಯ ಹಾಗೆ ಹೊಳೆಯಿತು. ಐವತ್ತೇಳು ವರ್ಷಕ್ಕೆ ಮೊದಲ ಸಲ ಬೆಳಗ್ಗೆ ಎದ್ದು ಕನ್ನಡಕ ತಡಕದೆ ಆಕಾಶ ನೋಡಿದೆ. ಅಳು ಬಂತು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಒಂದು ಕಣ್ಣು ಸರಿಯಾಗಿದೆ, ಇನ್ನೊಂದು ಮೈನಸ್ 18. ಹಳೇ ಕಣ್ಣಿಗೆ ಮಾತ್ರ ಗಾಜು ಹಾಕಿಕೊಂಡರೆ ಅದು ನೋಟವನ್ನು ಕುಗ್ಗಿಸುತ್ತದೆ. ಒಂದು ಕಣ್ಣಿಗೆ ಎತ್ತು, ಇನ್ನೊಂದಕ್ಕೆ ಕರು. ಎರಡನ್ನೂ ಕೂಡಿಸಲಾರದೆ ತಲೆ ತಿರುಗಿ ವಾಂತಿ ಬರುತ್ತಿತ್ತು. ಗಾಜು ಇಲ್ಲದಿದ್ದರೆ ಆಳ ತಿಳಿಯದು. ಲೋಟಕ್ಕೆ ಬಗ್ಗಿಸಿದ ನೀರು ನೆಲಕ್ಕೆ, ಮೆಟ್ಟಿಲು ಇರುವಲ್ಲಿ ಇಲ್ಲ, ಇಲ್ಲದಲ್ಲಿ ಇದೆ. ಕಾಂಟ್ಯಾಕ್ಟ್ ಲೆನ್ಸು ಹಾಕಿದರೆ ಇದಕ್ಕೆ ಪರಿಹಾರ ಇದೆ ಅಂತ ಆಮೇಲೆ ತಿಳಿಯಿತು. ಇಲ್ಲವೇ ಎರಡನೇ ಕಣ್ಣನ್ನೂ ಬೇಗ ಮಾಡಬೇಕು. ಆಸ್ಪತ್ರೆಯಲ್ಲಿ ಸರದಿ ಅಂದರು. ಮೂರು ತಿಂಗಳು ಹೀಗೇ ಗೋಡೆ ಹಿಡಿದು ಶಾಲೆಗೆ ಹೋದೆ.

ಎರಡನೆಯದೂ ಆಯಿತು. ಆಗ ಗೊತ್ತಾಯಿತು ನನ್ನ ನಾಲ್ಕು ಬೆರಳಿನ ರಾಜ್ಯ ಹೋಯಿತು ಅಂತ. ಅಭ್ಯಾಸದಂತೆ ಪುಸ್ತಕ ಮೂಗಿಗೆ ತಂದೆ, ಅಕ್ಷರ ಕರಗಿಹೋಯಿತು. ದೂರ ಹಿಡಿದೆ, ಆಗಲೂ ಇಲ್ಲ. ಮೊಮ್ಮಗಳು “ತಾತ, ಮುಳ್ಳು” ಅಂತ ಕಾಲು ಚಾಚಿದಳು. ಓದುವ ಕನ್ನಡಕ ಹಾಕಿಕೊಂಡೆ. ಅದರಲ್ಲಿ ಒಂದು ಅಡಿ ದೂರದಲ್ಲಿ ಮಾತ್ರ ಕಾಣುತ್ತದೆ, ಅಷ್ಟು ದೂರದಲ್ಲಿ ಮುಳ್ಳಿನ ತುದಿ ಸಿಗುವುದಿಲ್ಲ. ಅವಳವ್ವ ಬಂದು ತೆಗೆದಳು. ಈಗಲೂ ಬೆರಳು ತಾನಾಗೇ ಮೂಗಿನ ಮೇಲಕ್ಕೆ ಹೋಗುತ್ತದೆ, ಇಲ್ಲದ ಕನ್ನಡಕವನ್ನು ಸರಿಮಾಡಲು. ಮೈ ಐವತ್ತು ವರ್ಷ ಕಲಿತದ್ದನ್ನು ಒಂದು ಆಪರೇಷನ್ನಿಗೆ ಮರೆಯುತ್ತದಾ?

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ: ಸ್ವಾಮಿ, ನಾನು ಓದಿ ಬದುಕಿದವನು. ಮೈನಸ್ 3 ಉಳಿಯುವ ಹಾಗೆ ಲೆನ್ಸು ಹಾಕಿ. ಒಂದು ಅಡಿ ದೂರದ ಪುಸ್ತಕ ಬರಿಗಣ್ಣಿಗೆ ಕಾಣಲಿ, ಬೀದಿಗೆ ತೆಳು ಕನ್ನಡಕ ಹಾಕಿಕೊಳ್ಳುತ್ತೇನೆ. ಖರ್ಚು ಅದೇ, ಶ್ರಮ ಅದೇ. ಪೆಟ್ಟಿಗೆಯಿಂದ ಬೇರೆ ನಂಬರಿನ ಲೆನ್ಸು ತೆಗೆಯಬೇಕಿತ್ತು, ಅಷ್ಟೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ, ಅನುಕೂಲಸ್ಥರ ಮನೆಯ ಒಬ್ಬರು ದುಡ್ಡು ಕೊಟ್ಟು ಮಾಡಿಸಿಕೊಂಡರು. ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೇಳಿದ್ದಾರೆ: ಏನು ಓದ್ತೀರಿ, ಕಾರು ಓಡಿಸ್ತೀರಾ, ಕಂಪ್ಯೂಟರು ನೋಡ್ತೀರಾ ಅಂತ. ನಮ್ಮವರು ಏನು ಮಾಡುತ್ತಾರೆ ಅಂತ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಬೀಡಿ ಕಟ್ಟುವವಳು, ಚಪ್ಪಲಿ ಹೊಲಿಯುವವನು, ಅಕ್ಕಿ ಆರಿಸುವವಳು ಇವರಿಗೆಲ್ಲ ಬದುಕು ಇರುವುದು ಮಡಿಲಿನಲ್ಲಿ, ಬೆಟ್ಟದ ತುದಿಯಲ್ಲಲ್ಲ. ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ, ಕೈ ಚೆನ್ನಾಗಿತ್ತು, ಸಾಲು ಉದ್ದವಿತ್ತು. ಆದರೆ ಪುಕ್ಕಟೆ ಪಡೆಯುವವನಿಗೆ ಆಯ್ಕೆ ಯಾಕೆ ಅನ್ನುವ ಭಾವನೆ ಇದೆಯಲ್ಲ, ಅದು ಆ ಕೊನೇ ಸಾಲಿನ ತಮ್ಮನೇ.

ಇನ್ನೊಂದು ಮಾತು. ಉದ್ದ ಗುಡ್ಡೆಯ ಕಣ್ಣಲ್ಲಿ ಹಿಂದಿನ ಪರದೆ ಎಳೆದು ತೆಳ್ಳಗಾಗಿರುತ್ತದೆ. ಆಪರೇಷನ್ನಿನ ಮುಂಚೆ ಅದನ್ನು ನೋಡಿಸಬೇಕು. ಆದ ಮೇಲೆ, ವರ್ಷಗಳು ಕಳೆದರೂ, ಕಣ್ಣಲ್ಲಿ ಮಿಂಚು ಹೊಡೆದರೆ, ಕರಿ ಚುಕ್ಕೆಗಳು ಒಮ್ಮೆಲೇ ಸುರಿದರೆ, ಒಂದು ಕಡೆಯಿಂದ ಪರದೆ ಇಳಿದಂತೆ ಕತ್ತಲಾದರೆ, ನಾಳೆ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಪರದೆ ಕಳಚಿದರೆ ಕಣ್ಣೇ ಹೋಗಬಹುದು. ನನಗೆ ಮನೆಗೆ ಕಳಿಸುವಾಗ ಹೇಳಿದ್ದು ಡ್ರಾಪ್ಸ್ ಹಾಕ್ಕೊಳ್ಳಿ ಅಂತ ಮಾತ್ರ.

ಗೆಳೆಯರೇ, ಈಗ ಊರಲ್ಲಿ ತಪಾಸಣೆ ಮಾಡಿ, ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡುತ್ತಾರೆ. ಆ ಗಾಡಿಯಲ್ಲಿ ನಮ್ಮವರ ಜೊತೆ ನೀವೂ ಹತ್ತಿ. ಸೋಡಾಬುಡ್ಡಿಯವರು ಇದ್ದರೆ ಅವರ ಹಳೇ ಚೀಟಿ ತೆಗೆದುಕೊಂಡು ಹೋಗಿ. ಇವರು ಏನು ಕೆಲಸ ಮಾಡುತ್ತಾರೆ ಅಂತ ಡಾಕ್ಟರಿಗೆ ಹೇಳಿ. ದೂರಕ್ಕೋ ಹತ್ತಿರಕ್ಕೋ ಅಂತ ಕೇಳಿ, ಎರಡನೇ ಕಣ್ಣು ಯಾವತ್ತು ಅಂತ ಕೇಳಿ. ಮೇಷ್ಟ್ರುಗಳೇ, ಬೋರ್ಡಿಗೆ ಕಣ್ಣು ಕಿರಿದು ಮಾಡುವ ಮಗುವಿಗೆ ಬೆತ್ತ ಎತ್ತಬೇಡಿ, ಮುಂದಿನ ಸಾಲಿಗೆ ಕರೆದು ಕೂರಿಸಿ, ಕಣ್ಣು ಪರೀಕ್ಷೆ ಮಾಡಿಸಿ. ಕೇಳುವುದಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ನಮ್ಮವರಿಗೆ ಯಾರೂ ತಾವಾಗಿ ಕೊಡುವುದಿಲ್ಲ, ಕೇಳಿಯೇ ತೆಗೆದುಕೊಳ್ಳಬೇಕು.